ಮೆತೋದಿ ತಲೆಯಾಡಿಸಿದ್ದು

ಹಿಮದ ಬಂಡಿ ಚರ್ಚಿನ ಮುಂದೆ ನಿಂತು ಗುರುಗುಟ್ಟುತ್ತಿತ್ತು. ವೆಲಿಕಾ ಕೋಟು ತೊಟ್ಟು, ಚೀಲವನ್ನು ಬಾಗಿಲಲ್ಲಿಟ್ಟು, ಗಂಡನ ಮಂಚದ ಪಕ್ಕಕ್ಕೆ ಬಂದು ಕೂತಳು. ಮೆತೋದಿ ದಿಂಬಿಗೊರಗಿ ಕಿಟಕಿಯ ಕಡೆ ನೋಡುತ್ತಿದ್ದ. ಆಲೂಗಡ್ಡೆ ಅಗೆಯುವ ಕಾಲದಲ್ಲಿ ಹೊಲದಲ್ಲೇ ಲಕ್ವ ಹೊಡೆದು ಬಿದ್ದವನು. ಬಲಗೈ ಹೋಗಿತ್ತು, ಮಾತು ಪೂರ್ತಿ ಹೋಗಿತ್ತು. ಎಡಗೈ ಬಿಟ್ಟರೆ ತಲೆಯೊಂದು ಮಾತ್ರ ಇನ್ನೂ ಅವನು ಹೇಳಿದಂತೆ ಕೇಳುತ್ತಿತ್ತು.

"ಬಂಡಿ ಬಂದಿದೆ ಕಣೋ," ಅಂದಳು ವೆಲಿಕಾ. "ಹೋಗ್ಲಾ ನಾನು?"

ಮೆತೋದಿ ಅವಳ ಮುಖವನ್ನು ಸ್ವಲ್ಪ ಹೊತ್ತು ನೋಡಿದ. ಆಮೇಲೆ ತಲೆಯನ್ನು ನಿಧಾನವಾಗಿ ಮೇಲಕ್ಕೆತ್ತಿ ಕೆಳಗಿಳಿಸಿದ.

"ಸರಿ ಹಾಗಾದ್ರೆ. ನಿನ್ನಕ್ಕ ಬಾಗಿಲಲ್ಲೇ ಇದಾಳೆ, ಅವಳೇ ಇರ್ತಾಳೆ ನಿನ್ ಜೊತೆ. ಹೇಳ್ದಂಗೆ ಕೇಳ್ಬೇಕು," ಎಂದು ಅವನ ಹಣೆಗೆ ಮುತ್ತಿಟ್ಟು, ಚೀಲ ಎತ್ತಿಕೊಂಡು, ಅವಳು ಹೊರಟುಹೋದಳು.

ನಡೆದದ್ದು ಇಷ್ಟೇ. ಇದರಲ್ಲೇನು ವಿಶೇಷ ಎಂದು ಕೇಳುವವರು ಈ ಕಡೆಯವರಲ್ಲ. ಬಲ್ಗೇರಿಯಾದಲ್ಲಿ ಹೌದು ಎನ್ನುವವರು ತಲೆಯನ್ನು ಅಡ್ಡಡ್ಡ ಆಡಿಸುತ್ತಾರೆ. ಇಲ್ಲ, ಬೇಡ, ಆಗದು ಎನ್ನುವವರು ಮೇಲಕ್ಕೆ ಕೆಳಕ್ಕೆ ಆಡಿಸುತ್ತಾರೆ. ಅಜ್ಜನ ಅಜ್ಜನ ಕಾಲದಿಂದ ಹೀಗೇ. ಹೊರಗಿನ ದೇಶದವರಿಗೆ ಇದು ಪೂರಾ ತಿರುವುಮುರುವು. ಆದರೆ ವೆಲಿಕಾ ಇಷ್ಟು ವರ್ಷ ಚಳಿಗಾಲವೆಲ್ಲ ದುಡಿದದ್ದು ಆ ಹೊರಗಿನವರ ನಡುವೆಯೇ, ಬೆಟ್ಟದ ಮೇಲಿನ ಹೋಟೆಲಿನಲ್ಲಿ. ಅಲ್ಲಿ ಅವರ ರೀತಿಯೇ ರೀತಿ. ಊರಿನ ರೀತಿಯಲ್ಲಿ ನೋಡಿದರೆ ಮೆತೋದಿ ಹೋಗಬೇಡ ಎಂದಿದ್ದ. ಮೇಲಿನ ರೀತಿಯಲ್ಲಿ ನೋಡಿದರೆ ಹೋಗು ಎಂದಿದ್ದ. ವೆಲಿಕಾ ಹೋಗು ಎಂದೇ ತಿಳಿದು ಹೋದಳು. ಬಂಡಿ ಪೈನ್ ಮರಗಳ ಸಾಲು ದಾಟಿ ಬೋಳು ಬೆಟ್ಟಕ್ಕೆ ಬಂದ ಮೇಲೆ, ಮೊದಲನೆಯ ಸಲ ಅವಳು ಹಿಂದಿರುಗಿ ಊರಿನ ಕಡೆ ನೋಡಿದಳು. ಅವನು ಯಾವ ರೀತಿಯಲ್ಲಿ ಆಡಿಸಿದ?

ಆ ಹೋಟೆಲಿಗೆ ಸರ್ಕಾರದವರು ಏನೋ ಉದ್ದದ ಹೆಸರಿಟ್ಟಿದ್ದರು. ಈಗಿನ ಮಾಲೀಕರು ಅದನ್ನು ತೆಗೆದು ಇನ್ನೊಂದು ಉದ್ದದ ಹೆಸರಿಟ್ಟಿದ್ದಾರೆ. ಊರಿನವರಿಗೆ ಅದು ಮೊದಲಿನಿಂದಲೂ ಬರೀ 'ಮೇಲೆ'. ಪಿರಿನ್ ಬೆಟ್ಟಸಾಲಿನಲ್ಲಿ ಮರ ಬೆಳೆಯುವ ಎತ್ತರವನ್ನೂ ಮೀರಿ, ಹೆಪ್ಪುಗಟ್ಟಿದ ಒಂದು ಕೆರೆಯ ದಂಡೆಯಲ್ಲಿ ಅದು ಕೂತಿದೆ. ಚಳಿಗಾಲದಲ್ಲಿ ಅಲ್ಲಿಗೆ ರಸ್ತೆಯಿಲ್ಲ. ಪಟ್ಟಿಗಾಲಿ ಹಾಕಿಕೊಂಡು ಹಿಮದ ಮೇಲೆ ತೆವಳುವ ಬಂಡಿಯೊಂದೇ ಗತಿ, ಗಾಳಿ ಜೋರಾದರೆ ಅದೂ ಇಲ್ಲ. 'ವೆಲಿಕಾ ಎಲ್ಲಿ' ಎಂದು ಯಾರಾದರೂ ಕೇಳಿದರೆ 'ಮೇಲೆ ಹೋಗಿದ್ದಾಳೆ' ಎನ್ನುವುದು ರೂಢಿ. ಸತ್ತವರಿಗೂ ಅದೇ ಮಾತು. ಬಾಯಿ ನೆಟ್ಟಗಿದ್ದ ಕಾಲದಲ್ಲಿ ಮೆತೋದಿ ಊರಿನ ಕಾಫಿ ಅಂಗಡಿಯ ಕಟ್ಟೆಯ ಮೇಲೆ ಕೂತು ಇದನ್ನೇ ಹಿಡಿದು ನಗಿಸುತ್ತಿದ್ದ. "ನನ್ ಹೆಂಡ್ತಿ ಡಿಸೆಂಬರ್‌ನಲ್ಲಿ ಮೇಲೆ ಹೋಗ್ತಾಳೆ, ಈಸ್ಟರ್‌ಗೆ ಎದ್ದು ಬರ್ತಾಳೆ. ಅವಳ ಮುಂದೆ ಏಸುಸ್ವಾಮೀನೂ ಇನ್ನೂ ಕಲಿಯೋದಿದೆ," ಎನ್ನುತ್ತಿದ್ದ. ಪಾದ್ರಿ ಕೂಡ ನಕ್ಕು ಆಮೇಲೆ ಶಿಲುಬೆ ಗುರುತು ಹಾಕಿಕೊಳ್ಳುತ್ತಿದ್ದರು.

ವೆಲಿಕಾ ಅಲ್ಲಿಗೆ ಸೇರಿದಾಗ ಇನ್ನೂ ಮದುವೆಯಾಗದ ಹುಡುಗಿ. ಸ್ಕೀ ಆಡುವ ವಿದೇಶಿಯರು ಬರಲಿ, ದೇಶಕ್ಕೆ ಅವರ ದುಡ್ಡು ಬರಲಿ ಎಂದು ಸರ್ಕಾರ ಆಗ ಬೆಟ್ಟಬೆಟ್ಟದ ಮೇಲೂ ಹೋಟೆಲು ಕಟ್ಟುತ್ತಿತ್ತು. ಕೆಲಸಕ್ಕೆ ಸೇರಿದವರಿಗೆಲ್ಲ ಸೋಫಿಯಾದಿಂದ ಒಬ್ಬ ಹೆಂಗಸು ಬಂದು ಪಾಠ ಮಾಡಿದಳು. ಚಮಚ ಎಲ್ಲಿಡಬೇಕು, ಹಾಸಿಗೆಯ ಮೂಲೆ ಹೇಗೆ ಮಡಿಸಬೇಕು, ಇತ್ಯಾದಿ. ಕೊನೆಯ ಪಾಠ ತಲೆಯದು. "ವಿದೇಶಿಯರ ಮುಂದೆ ನಿಮ್ಮ ಹಳ್ಳಿ ತಲೆ ಆಡಿಸ್ಬೇಡಿ. ಅವರು ಬಿಸಿನೀರು ಇದೆಯಾ ಅಂತ ಕೇಳಿದಾಗ ನೀವು ಹೌದು ಅಂತ ಅಡ್ಡಡ್ಡ ಆಡಿಸಿದ್ರೆ, ಅವರು ಇಲ್ಲ ಅಂದ್ಕೊಂಡು ಸಿಡುಕ್ತಾರೆ," ಎಂದು ಹೇಳಿ, ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಕೋಲೆಬಸವಗಳ ಹಾಗೆ ತಲೆಯಾಡಿಸುವ ಅಭ್ಯಾಸ ಮಾಡಿಸಿದಳು. ಬಿಸಿನೀರು ಹೆಚ್ಚಿನ ದಿನ ಇರಲೇ ಇಲ್ಲ, ಆ ಮಾತು ಬೇರೆ.

ಸ್ಕೀ ಆಡುವವರನ್ನು ಇಳಿಜಾರಿನ ಮೇಲಕ್ಕೆ ಒಯ್ಯುವ ಲಿಫ್ಟಿನ ಕೆಲಸಕ್ಕಿದ್ದ ಮೆತೋದಿ ಮಾತ್ರ ಸಾಲಿನಲ್ಲಿ ನಿಂತು ಸುಮ್ಮನೆ ಆಕಾಶ ನೋಡುತ್ತಿದ್ದ. ಪಾಠದ ಹೆಂಗಸು "ನೀವು ಯಾಕೆ ಮಾಡ್ತಿಲ್ಲ?" ಎಂದು ಕೇಳಿದಾಗ, "ತಲೆ ನಮ್ಮಪ್ಪಂದು ಮೇಡಂ, ಅವರನ್ನ ಕೇಳ್ದೆ ತಿರುಗ್ಸಕ್ಕಾಗಲ್ಲ," ಎಂದ. ಸಾಲಿನಲ್ಲಿದ್ದ ವೆಲಿಕಾ ನಕ್ಕುಬಿಟ್ಟಳು. ಅವರಿಬ್ಬರ ಮದುವೆಯ ಬೀಜ ಬಿದ್ದದ್ದು ಆಗಲೇ ಎಂದು ಊರಿನವರು ಹೇಳುತ್ತಾರೆ.

ಹೀಗೆ ಹಟ ಹಿಡಿದ ಮೆತೋದಿಯೇ ಆಮೇಲೆ ಎಲ್ಲರಿಗಿಂತ ಚೆನ್ನಾಗಿ ಕಲಿತ. ಕಲಿತದ್ದನ್ನು ತಮಾಷೆಗೆ ಬಳಸಿದ. ಊರಿಗೆ ಬಂದಾಗ ಹೆಂಡತಿ "ಊಟ ಮಾಡ್ತೀಯಾ?" ಎಂದರೆ ಒಮ್ಮೆ ಊರಿನ ರೀತಿ, ಒಮ್ಮೆ ಮೇಲಿನ ರೀತಿ ಆಡಿಸಿ ಅವಳನ್ನು ಕಾಡಿಸುತ್ತಿದ್ದ. ಅವಳು ತಟ್ಟೆ ಎತ್ತಿಟ್ಟರೆ "ಅಯ್ಯೋ ನಾನು ಬೇಕು ಅಂದಿದ್ದು," ಎಂದು ಬಾಯಿಬಿಟ್ಟು ಹೇಳುತ್ತಿದ್ದ. ಬಾಯಿ ಇದ್ದಷ್ಟು ದಿನ ತಲೆ ಯಾವ ದಿಕ್ಕಿಗೆ ಆಡಿದರೂ ನಷ್ಟವಿರಲಿಲ್ಲ. ವರ್ಷಗಳು ಕಳೆದಂತೆ ತಮಾಷೆ ಅಭ್ಯಾಸವಾಯಿತು. ಯಾವಾಗ ಯಾವ ರೀತಿ ಎಂಬುದು ಅವನಿಗೇ ಗೊತ್ತಾಗುತ್ತಿರಲಿಲ್ಲ. ಅವನ ಅಕ್ಕ ತೊಡೋರ್ಕಾ, ಒಂದು ದಿನಕ್ಕೂ ಮೇಲೆ ಹೋಗದ ಹೆಂಗಸು, ತಮ್ಮನ ತಲೆ ನೋಡಿ ಬೈಯುತ್ತಿದ್ದಳು. "ಮನುಷ್ಯನ ತಲೆಯೋ ಗಾಳಿಪಟವೋ ಇದು? ಒಂದು ಕಡೆ ನೆಟ್ಟಗೆ ಆಡ್ಸು," ಎನ್ನುತ್ತಿದ್ದಳು.

ಹಳೆಯ ಲಿಫ್ಟು ಕಿತ್ತು ಹೊಸದು ಹಾಕಿದಾಗ ಅದರ ಜೊತೆ ಮೆತೋದಿಯನ್ನೂ ಕೆಳಗಿಳಿಸಿದರು. ಹೊಸದಕ್ಕೆ ಗುಂಡಿ ಒತ್ತುವವರು ಸಾಕಂತೆ. ಅವನು ಆಲೂಗಡ್ಡೆ ಬೆಳೆದುಕೊಂಡು, ರಾಕಿಯಾ ಭಟ್ಟಿ ಇಳಿಸಿಕೊಂಡು ಊರಲ್ಲೇ ಉಳಿದ. ವೆಲಿಕಾ ಪ್ರತಿ ಚಳಿಗಾಲ ಒಬ್ಬಳೇ ಹೋಗುತ್ತಿದ್ದಳು. ಅವರಿಗೆ ಮಕ್ಕಳಾಗಲಿಲ್ಲ.

ಮೇಲಿನ ಕೆಲಸವೇನು ಸುಖದ್ದಲ್ಲ. ಸ್ಕೀ ಆಡಲು ಬರುವವರು ಮನೆಯಲ್ಲಿ ಎಲ್ಲ ಅನುಕೂಲ ಇಟ್ಟುಕೊಂಡು, ಇಲ್ಲದ ಕಷ್ಟ ಹುಡುಕಿಕೊಂಡು ಬರುವ ಜನ. ಮೊದಲ ರಾತ್ರಿ ಯಾರಿಗೂ ನಿದ್ದೆ ಬರುವುದಿಲ್ಲ, ಗಾಳಿ ತೆಳ್ಳಗಿರುವುದರಿಂದ ತಲೆ ಸಿಡಿಯುತ್ತದೆ. ಬೆಳಗ್ಗೆ ಊಟದ ಕೋಣೆಗೆ ಬೂದಿಬಣ್ಣದ ಮುಖ ಹೊತ್ತು ಇಳಿಯುತ್ತಾರೆ. ವೆಲಿಕಾ ಅವರಿಗೆ ಬೆಟ್ಟದ ಸೊಪ್ಪಿನ ಚಹಾ ಕೊಡುತ್ತಾಳೆ, ಬಿಸಿ ಬಾನಿತ್ಸಾ ಕೊಡುತ್ತಾಳೆ. ಆ ಚೀಸಿನ ರೊಟ್ಟಿ ತಿಂದ ಮೇಲೆ ಅವರ ಮುಖಕ್ಕೆ ಜೀವ ಬರುತ್ತದೆ. ಸಂಜೆ ಒದ್ದೆ ಬೂಟುಗಳನ್ನೆಲ್ಲ ಬಾಯ್ಲರ್ ಕೋಣೆಯಲ್ಲಿ ಸಾಲಾಗಿ ನಿಲ್ಲಿಸಿ ಒಣಗಿಸುವುದು ಅವಳದೇ ಕೆಲಸ. ಅಲ್ಲಿನ ನಾತಕ್ಕೆ ಹೊಸ ಹುಡುಗಿಯರು ಮೂಗು ಹಿಡಿದುಕೊಂಡು ಓಡುತ್ತಿದ್ದರು.

ಆದರೂ ಅವಳಿಗೆ ಮೇಲೆ ಇಷ್ಟ. ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಊರಿನಲ್ಲಿ ಅವಳು ಮೆತೋದಿಯ ಹೆಂಡತಿ, ಹೆರದವಳು. ಮೇಲೆ ಅವಳು ವೆಲಿಕಾ. ಜರ್ಮನಿಯವರು, ಇಂಗ್ಲೆಂಡಿನವರು, ಗ್ರೀಸಿನವರು ವರ್ಷ ವರ್ಷ ಬಂದು ಬಾಗಿಲಲ್ಲೇ ಅವಳ ಹೆಸರು ಹಿಡಿದು ಕರೆಯುತ್ತಿದ್ದರು, ಅಪ್ಪಿಕೊಳ್ಳುತ್ತಿದ್ದರು, ತಮ್ಮ ಮೊಮ್ಮಕ್ಕಳ ಫೋಟೋ ತೋರಿಸುತ್ತಿದ್ದರು. ಹ್ಯಾರಿಸ್ ಎಂಬ ಒಬ್ಬ ಇಂಗ್ಲಿಷ್ ಮುದುಕನಂತೂ ಬಲ್ಗೇರಿಯಾದ ತಲೆಯಾಟವನ್ನೇ ಕಲಿತು ಬಂದುಬಿಟ್ಟ. ಸೂಪು ಇನ್ನೊಂದಿಷ್ಟು ಬೇಕೇ ಎಂದು ವೆಲಿಕಾ ಸನ್ನೆ ಮಾಡಿದರೆ ಅವನು ಹೆಮ್ಮೆಯಿಂದ ಅಡ್ಡಡ್ಡ ತಲೆಯಾಡಿಸುತ್ತಿದ್ದ. ಇಂಗ್ಲೆಂಡಿನವನಲ್ಲವೇ, ಬೇಡ ಅಂದ ಎಂದು ಅವಳು ಬಟ್ಟಲು ಎತ್ತಿಕೊಂಡು ಹೋಗುತ್ತಿದ್ದಳು. ಮೂರು ದಿನ ಅರೆಹೊಟ್ಟೆಯಲ್ಲಿದ್ದು ನಾಲ್ಕನೆಯ ದಿನ ಪಾಪ ಅಡುಗೆಮನೆಗೇ ನುಗ್ಗಿದ. ಅದನ್ನು ಕೇಳಿ ಮೆತೋದಿ ನಗುತ್ತಾ ನಗುತ್ತಾ ಕುರ್ಚಿಯಿಂದ ಬಿದ್ದಿದ್ದ.

ಲಕ್ವ ಹೊಡೆದ ಮೇಲೆ ಆ ಮನೆಯಲ್ಲಿ ನಗು ನಿಂತಿತು. ಆ ಶರತ್ಕಾಲವೆಲ್ಲ ವೆಲಿಕಾ ಅವನ ಪಕ್ಕದಲ್ಲೇ ಇದ್ದಳು. ತೊಳೆಯುವುದು, ಮಗ್ಗುಲು ಬದಲಿಸುವುದು, ಗಂಜಿ ಕುಡಿಸುವುದು, ಗಲ್ಲದ ಮೇಲೆ ಹರಿದದ್ದು ಒರೆಸುವುದು. ಮುಂಚೆ ಅವನು ನಿಮಿಷಕ್ಕೊಂದು ಮಾತು ಹೇಳುತ್ತಿದ್ದವನು. ಈಗ ಅವಳು ಮಾತಾಡಿದರೆ ಅವನ ಕಣ್ಣು ಅವಳ ಬಾಯಿಯ ಮೇಲೇ ನಿಲ್ಲುತ್ತಿತ್ತು, ಅದನ್ನು ನೋಡಲಾರದೆ ಅವಳೂ ಮಾತು ಬಿಟ್ಟಳು. ಮೊದಲ ಹಿಮ ಬಿದ್ದ ದಿನ ಹೋಟೆಲಿನ ಮೇಲ್ವಿಚಾರಕಿ ವಿಯೋಲೆತಾ ಫೋನು ಮಾಡಿದಳು.

"ವೆಲಿಕಾ ಅಕ್ಕಾ, ಕಷ್ಟ ಗೊತ್ತು ನಂಗೆ. ಆದ್ರೆ ಜನ ನಿಮ್ಮನ್ನೇ ಕೇಳ್ತಾರೆ. ನೀವು ಬರಲ್ಲ ಅಂದ್ರೆ ಪಟ್ಟಣದಿಂದ ಯಾರನ್ನಾದ್ರೂ ಇಟ್ಕೊಬೇಕಾಗತ್ತೆ. ಇಟ್ಕೊಂಡ್ ಮೇಲೆ ಬಿಡ್ಸಕ್ಕಾಗಲ್ಲ."

"ಅವನನ್ನ ಕೇಳಿ ಹೇಳ್ತೀನಿ," ಎಂದಳು ವೆಲಿಕಾ. ಹಾಗೆನ್ನುವಾಗಲೇ ಅವಳ ಎದೆ ಹಗುರಾಗಿತ್ತು. ಅದು ಅವಳಿಗೆ ಆಗಲೇ ಗೊತ್ತಾಯಿತು, ಅದಕ್ಕೆ ತನ್ನ ಮೇಲೆಯೇ ಅಸಹ್ಯವೂ ಆಯಿತು.

ತೊಡೋರ್ಕಾ ವಿಧವೆ, ಪಕ್ಕದ ಓಣಿಯವಳು. ತಮ್ಮನನ್ನು ತಾನು ನೋಡಿಕೊಳ್ಳುತ್ತೇನೆಂದು ತಾನಾಗಿಯೇ ಹೇಳಿದಳು. "ನೀನು ಇದ್ದು ಮಾಡೋದಾದ್ರೂ ಏನು, ಗೋಡೆ ನೋಡ್ಕೊಂಡು ಕೂರೋದು. ಹೋಗು. ಆದ್ರೆ ಅವನನ್ನ ಒಂದ್ ಮಾತು ಕೇಳು," ಎಂದಳು. ಬಂಡಿ ಬಂದು ನಿಂತ ಮೇಲೆ ವೆಲಿಕಾ ಕೇಳಿದಳು. ಮೆತೋದಿ ತಲೆಯಾಡಿಸಿದ. ಹೋಗಬೇಕೆಂಬ ಆಸೆಯಿದ್ದವಳಿಗೆ ಅದು ಹೋಗು ಎಂದೇ ಕಂಡಿತು.

ಮೇಲೆ ಹೋದ ಮೇಲೆ ಕೆಲಸ ಅವಳನ್ನು ನುಂಗಿತು. ಹೊಸ ವರ್ಷದ ಜನ, ಅವರ ಮಕ್ಕಳ ಜ್ವರ, ಕಳೆದುಹೋದ ಕೈಗವಸು, ಕಾಲು ಮುರಿದ ಗ್ರೀಕ್ ದಂತವೈದ್ಯ. ಆದರೆ ಹಾಸಿಗೆಯ ಮೂಲೆ ಮಡಿಸುವಾಗಲೂ ಬೂಟು ಜೋಡಿಸುವಾಗಲೂ ಆ ತಲೆ ಅವಳ ಕಣ್ಣ ಮುಂದೆ ನಿಧಾನವಾಗಿ ಮೇಲೇಳುತ್ತಿತ್ತು, ಇಳಿಯುತ್ತಿತ್ತು. ಹೋಟೆಲಿನ ಮಾತಲ್ಲವೇ ಕೇಳಿದ್ದು, ಹೋಟೆಲಿನ ರೀತಿಯಲ್ಲೇ ಉತ್ತರ ಕೊಟ್ಟಿರುತ್ತಾನೆ ಎಂದು ಒಮ್ಮೆ ಸಮಾಧಾನ ಮಾಡಿಕೊಳ್ಳುವಳು. ಸಾಯುವ ಹಾಗಿರುವ ಮನುಷ್ಯನಿಗೆ ತಮಾಷೆ ಎಲ್ಲಿಂದ, ಹುಟ್ಟಿದಾಗಿನ ರೀತಿಯೇ ಬಂದಿರುತ್ತದೆ ಎಂದು ಮರುಗಳಿಗೆಗೆ ಅನ್ನಿಸುವುದು. ಹೋಗಿ ಮತ್ತೆ ಕೇಳಿದರಾಯಿತು ಎಂದುಕೊಂಡು, ಜನ ಕಡಿಮೆಯಾದ ಜನವರಿಯಲ್ಲಿ ಒಂದು ದಿನದ ಮಟ್ಟಿಗೆ ಕೆಳಗಿಳಿದಳು.

ಮೆತೋದಿ ಇನ್ನೂ ಇಳಿದುಹೋಗಿದ್ದ. ಅವಳ ಕೈಯಿಂದ ಬೀನ್ಸ್ ಸಾರು ಕುಡಿದ. ಅವಳು ಗಲ್ಲ ಒರೆಸಿದಾಗ ಎಡಗೈಯಿಂದ ಅವಳ ಮುಂಗೈ ಹಿಡಿದುಕೊಂಡ. ಕೇಳಬೇಕೆಂದೇ ವೆಲಿಕಾ ಬಂದಿದ್ದಳು. ಕೇಳಿದ್ದರೆ ಮುಗಿಯುತ್ತಿತ್ತು: ಅವತ್ತು ಬೇಡ ಅಂದ್ಯಾ, ಹೌದಾದ್ರೆ ಕೈ ಅದುಮು, ಎಂದರೆ ಸಾಕಿತ್ತು. ಕೇಳಲಿಲ್ಲ. ಅವನು ಅದುಮಿದರೆ ತಾನು ಮತ್ತೆ ಬಂಡಿ ಹತ್ತುವ ಹಾಗಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಬಂಡಿ ಓಡಿಸುವ ಬ್ಲಾಗೋಯ್ ಹೊರಗೆ ಹಾರ್ನ್ ಹೊಡೆದ. ಅವಳು ಕೈ ಬಿಡಿಸಿಕೊಂಡು ಎದ್ದಳು.

ದಾರಿಯಲ್ಲಿ ಬ್ಲಾಗೋಯ್ ಕೇಳಿದ, "ಹೇಗಿದಾನೆ ನಮ್ ಗಾಳಿಪಟ?"

"ಇದಾನೆ."

"ಊಟ ಗೀಟ ಸೇರತ್ತಾ?"

"ಸೇರತ್ತೆ."

ಬ್ಲಾಗೋಯ್ ರೇಡಿಯೋ ಹಾಕಿದ.

ಫೆಬ್ರವರಿಯಲ್ಲಿ ಒಂದು ವಾರ ಆಕಾಶ ತೊಳೆದಿಟ್ಟ ಹಾಗಿತ್ತು. ಬಂಡಿ ದಿನಕ್ಕೆರಡು ಸಲ ಹತ್ತಿಳಿಯುತ್ತಿತ್ತು. ಆಮೇಲೆ ಬಿರುಗಾಳಿ ಎದ್ದಿತು. ಲಿಫ್ಟು ನಿಂತಿತು, ಕರೆಂಟು ಹೋಯಿತು, ಫೋನು ಸತ್ತಿತು, ಕಿಟಕಿಗಳ ಅರ್ಧಕ್ಕೆ ಹಿಮ ಏರಿತು. ಹೊರಗೆ ಹೋಗಲಾಗದೆ ಸಿಕ್ಕಿಬಿದ್ದ ಜನಕ್ಕೆ ಅದೇ ಹಬ್ಬ. ಮನೆಗೆ ಹೋಗಿ ಹೇಳಿಕೊಳ್ಳಲು ಒಂದು ಕಥೆ ಸಿಕ್ಕಿತಲ್ಲ. ಮೇಣದ ಬತ್ತಿ ಹಚ್ಚಿಕೊಂಡು ಇಸ್ಪೀಟು ಆಡಿದರು, ಹಾಡಿದರು, ರಾಕಿಯಾ ತರಿಸಿಕೊಂಡರು. ವೆಲಿಕಾ ಸೌದೆ ಒಲೆಯ ಮೇಲೆ ದೊಡ್ಡ ಪಾತ್ರೆಯಿಟ್ಟು ಎಲ್ಲರಿಗೂ ಬೇಯಿಸಿ ಹಾಕಿದಳು.

ಗಾಳಿ ಇಳಿದ ಬೆಳಗ್ಗೆ ಬ್ಲಾಗೋಯ್ ಬಂದ. ಬೂಟಿನ ಹಿಮ ಕೊಡವದೆ ನೇರ ಅಡುಗೆಮನೆಗೆ ಬಂದು ನಿಂತ. ಅವನ ಟೋಪಿ ಕೈಯಲ್ಲಿತ್ತು.

"ಅಕ್ಕಾ, ಕೋಟ್ ಹಾಕ್ಕೊಳ್ಳಿ," ಎಂದ.

"ಯಾವಾಗ?"

"ಮೊನ್ನೆ ಬೆಳಗ್ಗೆ. ಹಿಮ ಶುರುವಾದಾಗ. ತೊಡೋರ್ಕಾ ಫೋನ್ ಮಾಡ್ತಾನೇ ಇದ್ಲಂತೆ, ಹತ್ಲಿಲ್ಲ. ನಿಮಗೇ ಕಾಯ್ತಾ ಇದಾರೆ, ಇನ್ನೂ ಎತ್ತಿಲ್ಲ."

ಆಗ ಒಬ್ಬ ಜರ್ಮನ್ ಹೆಂಗಸು ಬಾಗಿಲಿಗೆ ಬಂದು ಇನ್ನೊಂದು ಟವೆಲು ಸಿಗಬಹುದೇ ಎಂದು ಸನ್ನೆ ಮಾಡಿ ಕೇಳಿದಳು. ವೆಲಿಕಾ ಬೀರು ತೆಗೆದು, ಟವೆಲು ಕೊಟ್ಟು, ಆಮೇಲೆ ಕೋಟಿಗೆ ಕೈ ಹಾಕಿದಳು.

ಮಣ್ಣು ಮಾಡುವ ದಿನ ವೆಲಿಕಾ ಅಳಲಿಲ್ಲ. ಊರಿನವರು ಅದನ್ನೂ ಗಮನಿಸಿದರು. ಮನೆಯ ಬಾಗಿಲಿಗೆ, ಚರ್ಚಿನ ಗೋಡೆಗೆ, ಬಸ್ಸು ನಿಲ್ಲುವಲ್ಲಿ ಮೆತೋದಿಯ ಫೋಟೋ ಇರುವ ಸಾವಿನ ಚೀಟಿ ಅಂಟಿಸಿದರು. ಹಳೆಯ ಫೋಟೋ, ಲಿಫ್ಟಿನ ಕಾಲದ್ದು, ನಗುತ್ತಿದ್ದಾನೆ. ವೆಲಿಕಾ ಆ ಚಳಿಗಾಲಕ್ಕೆ ಮತ್ತೆ ಮೇಲೆ ಹೋಗಲಿಲ್ಲ. ಖಾಲಿ ಮಂಚದ ಎದುರು ಕೂತು ಅದೊಂದನ್ನೇ ತಿರುವಿ ಹಾಕುತ್ತಿದ್ದಳು. ಹೋಗು ಅಂದನೋ, ಬೇಡ ಅಂದನೋ. ಹೋಗು ಅಂದಿದ್ದರೆ ಅವಳು ಗಂಡನ ಮಾತಿನಂತೆ ನಡೆದವಳು, ಸಾವಿನ ಹೊತ್ತಿಗೆ ಇಲ್ಲದೆ ಹೋದದ್ದು ಬರೀ ಹಣೆಬರಹ. ಬೇಡ ಅಂದಿದ್ದರೆ ಅವಳು ಏನು? ಅದಕ್ಕೆ ಹೆಸರಿಡಲು ಅವಳಿಗೆ ಧೈರ್ಯವಿರಲಿಲ್ಲ.

ಬೇರೆ ಯಾರಿಗೆ ಗೊತ್ತಿರಬೇಕು? ಚಳಿಗಾಲವೆಲ್ಲ ಅವನ ಜೊತೆ ಇದ್ದವಳು ತೊಡೋರ್ಕಾ. ಅವಳನ್ನು ಹಾಗೂ ಹೀಗೂ ಕೆದಕಿ ನೋಡಿದಳು.

"ಅಕ್ಕಾ, ನೀರು ಬೇಕಾದ್ರೆ ಹೇಗೆ ತೋರಿಸ್ತಿದ್ದ?"

"ಹೇಗೆ ತೋರಿಸ್ತಾನೆ, ನಾನು ಚಮಚ ಬಾಯಿಗಿಡ್ತಿದ್ದೆ, ತೆಗೀತಿದ್ದ."

"ಬೇಡ ಅಂದ್ರೆ?"

"ಬಾಯಿ ಮುಚ್ಕೊತಿದ್ದ. ಮಗೂಗೆ ಕೊಟ್ಟಂಗೆ. ಯಾಕೆ ಕೇಳ್ತೀಯಾ ಇದನ್ನೆಲ್ಲ, ಹೊಟ್ಟೆ ಉರ್ಕೊಳ್ಳೋಕಾ?"

ಬಾಯಿ ಮುಚ್ಚಿದ್ದರಿಂದ ತಲೆಯ ವಿಷಯ ಏನೂ ತಿಳಿಯುವಂತಿರಲಿಲ್ಲ.

ನಲವತ್ತನೆಯ ದಿನದ ತಿಥಿಗೆ ಇಬ್ಬರೂ ಬೇಯಿಸಿದ ಗೋಧಿ, ರೊಟ್ಟಿ, ವೈನು ತೆಗೆದುಕೊಂಡು ಸಮಾಧಿಗೆ ಹೋದರು. ಹಿಮ ಕರಗಿ ದಾರಿಯೆಲ್ಲ ರಾಡಿ. ಪಾದ್ರಿ ಬೇಗ ಬೇಗ ಓದಿ ಇನ್ನೊಂದು ಮನೆಗೆ ಹೋಗುವುದಿದೆಯೆಂದು ಹೊರಟುಹೋದರು. ನೆಂಟರೂ ತಮ್ಮ ಪಾಲಿನ ಗೋಧಿ ತಿಂದು, ಮಣ್ಣಿನ ಮೇಲೆ ವೈನು ಚೆಲ್ಲಿ, ಒಬ್ಬೊಬ್ಬರಾಗಿ ಚದುರಿದರು. ಕೊನೆಗೆ ಇಬ್ಬರೇ ಉಳಿದು ಪಕ್ಕದ ಸಮಾಧಿಯ ಕಟ್ಟೆಯ ಮೇಲೆ ಕೂತರು. ತೊಡೋರ್ಕಾಳ ಕೈ ತಣ್ಣೀರಲ್ಲಿ ಬಟ್ಟೆ ಒಗೆದೊಗೆದು ಬಿರಿದು ಕೆಂಪಾಗಿತ್ತು. ಆ ಚಳಿಗಾಲ ಅವಳಿಗೂ ವಯಸ್ಸು ಹೆಚ್ಚಿಸಿತ್ತು.

"ನೀನು ಹೀಗೆ ಕೊರಗಬೇಡ ಕಣೇ," ಎಂದಳು ತೊಡೋರ್ಕಾ. "ಅಂಟು ಬಿಡಿಸ್ಕೊಂಡೇ ಹೋದ ಅವನು. ನಿನಗೆ ಹೇಳ್ಬಾರ್ದು ಅಂದ್ಕೊಂಡಿದ್ದೆ, ಈಗ ಹೇಳ್ತೀನಿ. ಬಿರುಗಾಳಿಗೆ ಮುಂಚೆ, ಬಿಸಿಲಿತ್ತಲ್ಲ ಒಂದ್ ವಾರ, ಆಗ್ಲೇ ಅವನ ಉಸಿರು ಒಂಥರಾ ಆಗಿತ್ತು. ನಂಗೆ ಗಾಬರಿಯಾಯ್ತು. ಹತ್ರ ಬಗ್ಗಿ ಕೇಳ್ದೆ, ವೆಲಿಕಾನ್ನ ಕರೆಸ್ಲಾ ಅಂತ. ಬೇಡ ಅಂದ."

"ಮಾತಾಡಿದ್ನಾ?"

"ಎಲ್ಲಿಂದ ಮಾತು. ತಲೆ ಆಡಿಸ್ದ."

ವೆಲಿಕಾಳ ಕೈಯಲ್ಲಿದ್ದ ರೊಟ್ಟಿ ಮಡಿಲಿಗೆ ಜಾರಿತು.

"ಹೇಗೆ ಆಡಿಸ್ದ ಅಕ್ಕಾ?"

"ಬೇಡ ಅನ್ನೋಕೆ ಹೇಗೆ ಆಡಿಸ್ತಾರೆ? ಹೀಗೆ." ತೊಡೋರ್ಕಾ ತನ್ನ ತಲೆಯನ್ನು ನಿಧಾನವಾಗಿ ಮೇಲಕ್ಕೆತ್ತಿ ಕೆಳಗಿಳಿಸಿ ತೋರಿಸಿದಳು. "ಅಷ್ಟು ನಿಧಾನಕ್ಕೆ, ನನ್ನೇ ನೋಡ್ಕೊಂಡು. ನಿನ್ನ ಕೆಲ್ಸ ಕೆಡಬಾರ್ದು ಅಂತ ಅವನ ಮನಸ್ಸಲ್ಲಿ. ಅದಕ್ಕೇ ನಾನು ಫೋನ್ ಮಾಡ್ಲಿಲ್ಲ."

ಇಬ್ಬರು ಹೆಂಗಸರು, ಎರಡು ಪ್ರಶ್ನೆ, ಒಂದೇ ತಲೆಯಾಟ. ಒಬ್ಬಳು ಅದನ್ನು ಮೇಲಿನ ರೀತಿಯಲ್ಲಿ ಓದಿ ಹೊರಟುಹೋದಳು, ಇನ್ನೊಬ್ಬಳು ಊರಿನ ರೀತಿಯಲ್ಲಿ ಓದಿ ಕರೆಸದೆ ಬಿಟ್ಟಳು. ಎರಡು ಸಲವೂ ಅವನು ಒಂದೇ ರೀತಿಯಲ್ಲಿ ಆಡಿಸಿದ್ದರೆ ಇಬ್ಬರ ಓದೂ ಸರಿಯಾಗಿರಲು ಸಾಧ್ಯವಿರಲಿಲ್ಲ. ಅವನು ಊರಿನ ರೀತಿಯಲ್ಲಿ ಆಡಿಸಿದ್ದರೆ, ಹೋಗಬೇಡ ಎಂದವನನ್ನು ವೆಲಿಕಾ ಬಿಟ್ಟುಹೋಗಿದ್ದಳು. ಮೇಲಿನ ರೀತಿಯಲ್ಲಿ ಆಡಿಸಿದ್ದರೆ ಹೋಗು ಎಂದು ಕಳಿಸಿಕೊಟ್ಟವನು, ಸಾಯುವ ಮುಂಚೆ ಅವಳನ್ನು ಕರೆಸು ಎಂದು ಕೇಳಿದ್ದ, ತೊಡೋರ್ಕಾ ಕರೆಸಲಿಲ್ಲ. ಹಾಗಿದ್ದರೆ, ಆಕಾಶ ತೊಳೆದಿಟ್ಟಂತಿದ್ದ ಆ ವಾರವೆಲ್ಲ ಅವನು ಬಾಗಿಲು ನೋಡುತ್ತಾ ಮಲಗಿದ್ದ.

ತೊಡೋರ್ಕಾ ಪೆದ್ದಿಯಲ್ಲ. ತಮ್ಮನ ಹೆಂಡತಿಯ ಮುಖ ಬಿಳಿಚಿಕೊಂಡದ್ದನ್ನು ನೋಡಿ, ತಾನು ಈಗ ತಾನೇ ಆಡಿಸಿ ತೋರಿಸಿದ ತಲೆಯನ್ನು ನೆನೆದು, ಅವಳೂ ಮೆಲ್ಲಗೆ ಆ ದಾರಿಯಲ್ಲೇ ಬಂದಳು.

"ಮೇಲಿನವರು ಅದನ್ನ ಹೌದು ಅಂತಾರಲ್ವಾ?" ಎಂದಳು. ಆಮೇಲೆ ಅವಳ ದನಿ ಒಡೆಯಿತು. "ವೆಲಿ, ಅವನು ನಿನ್ನನ್ನ ಕರೆಸು ಅಂದಿದ್ನಾ? ನಾನು ಕರೆಸ್ಲಿಲ್ವಾ? ಹೇಳೇ. ನಿಂಗೊಬ್ಳಿಗೇ ಅವನ ತಲೆ ಗೊತ್ತಿರೋದು."

ನಲವತ್ತು ದಿನ ವೆಲಿಕಾ ಹಂಬಲಿಸಿದ್ದು ಇದಕ್ಕೇ. ಹೌದು, ಅವನು ಮೇಲಿನ ರೀತಿಯಲ್ಲೇ ಆಡಿಸುತ್ತಿದ್ದ ಎಂದು ಒಂದು ಮಾತು ಹೇಳಿದರೆ ಸಾಕು, ಅವಳು ಗಂಡ ಹೇಳಿ ಕಳಿಸಿದವಳಾಗುತ್ತಿದ್ದಳು. ತಪ್ಪೆಲ್ಲ ಕಟ್ಟೆಯ ಮೇಲೆ ಪಕ್ಕದಲ್ಲಿ ಕೂತ ಈ ಮುದುಕಿಯದಾಗುತ್ತಿತ್ತು. ಅದು ನಿಜವೂ ಇರಬಹುದಿತ್ತು. ಅವನ ತಲೆ ತನಗೂ ಗೊತ್ತಿರಲಿಲ್ಲ ಎಂದು ಹೇಳಬಹುದಿತ್ತು, ನಿಜವಾಗಿ ನಿಜವಾದ ಮಾತು ಅದೊಂದೇ. ಆದರೆ ಅದನ್ನು ಹೇಳಿದರೆ ಇಬ್ಬರೂ ಬದುಕಿರುವ ತನಕ ಹೀಗೇ ತಿರುವಿ ಹಾಕುತ್ತಾ ಕೂರಬೇಕು. ಅದು ಎಂಥದೆಂದು ಅವಳಿಗೆ ಈಗಾಗಲೇ ಗೊತ್ತಿತ್ತು. ತೊಡೋರ್ಕಾಳ ಬಿರಿದ ಕೈ ಅವಳ ತೋಳನ್ನು ಗಟ್ಟಿಯಾಗಿ ಹಿಡಿದಿತ್ತು. ಚಳಿಗಾಲವೆಲ್ಲ ಮೆತೋದಿಯನ್ನು ತೊಳೆದ ಕೈ ಅದು. ವೆಲಿಕಾ ತೊಳೆಯದೆ ಹೋದದ್ದನ್ನು ತೊಳೆದದ್ದು.

"ಇಲ್ಲ ಅಕ್ಕಾ," ಎಂದಳು ವೆಲಿಕಾ. "ಲಕ್ವ ಹೊಡೆದ್ ಮೇಲೆ ಅವನು ಊರಿನ ರೀತೀಲೇ ಆಡಿಸ್ತಿದ್ದ. ಮೇಲಿಂದೆಲ್ಲ ಮರ್ತುಹೋಗಿತ್ತು. ನೀನು ತಿಳ್ಕೊಂಡಿದ್ದೇ ಸರಿ. ಕರೆಸ್ಬೇಡ ಅಂದಿದಾನೆ."

"ನಿಜವಾಗ್ಲೂ?"

"ನಿಜವಾಗ್ಲೂ."

ತೊಡೋರ್ಕಾ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಭಾರ ಇಳಿಸಿದವರು ಅಳುವ ಅಳು. ಶಿಲುಬೆ ಗುರುತು ಹಾಕಿಕೊಂಡಳು, ಸೆರಗಿನಂತಿದ್ದ ಕರಿ ತಲೆವಸ್ತ್ರದ ತುದಿಯಿಂದ ಮೂಗು ಒರೆಸಿಕೊಂಡಳು. ಆಮೇಲೆ, ಅಳು ನಿಂತ ಮೇಲೆ, ಏನೋ ಹೊಳೆದು ವೆಲಿಕಾಳ ಕಡೆ ತಿರುಗಿದಳು. ಹಿಡಿದಿದ್ದ ತೋಳನ್ನು ಬಿಟ್ಟಳು.

"ಹಾಗಾದ್ರೆ ಡಿಸೆಂಬರ್‌ನಲ್ಲಿ? ನೀನು ಹೋಗ್ತಾ ಕೇಳಿದ್ಯಲ್ಲ. ನಾನು ಬಾಗಿಲಲ್ಲೇ ಇದ್ದೆ. ನೀನು ಅಡ್ಡ ಕೂತಿದ್ದೆ, ಅವನ ಮುಖ ಕಾಣ್ಸಲಿಲ್ಲ. ನೀನು ಸರಿ ಹಾಗಾದ್ರೆ ಅಂದೆ. ಏನಂದಿದ್ದ ಆಗ?"

"ಬೇಡ ಅಂದಿದ್ದ," ಎಂದಳು ವೆಲಿಕಾ.

"ಬೇಡ ಅಂದ್ರೂ ಹೋದ್ಯಾ?"

"ಹೋದೆ."

ತೊಡೋರ್ಕಾ ಎದ್ದಳು. ಗೋಧಿಯ ಬಟ್ಟಲು, ಖಾಲಿ ಬಾಟಲಿ, ಉಳಿದ ರೊಟ್ಟಿ ಎಲ್ಲವನ್ನೂ ಬುಟ್ಟಿಗೆ ಹಾಕಿಕೊಂಡಳು. ತಮ್ಮನ ಸಮಾಧಿಯ ಮಣ್ಣನ್ನು ಒಮ್ಮೆ ಕೈಯಿಂದ ಸವರಿ, ಹಿಂದಿರುಗಿ ನೋಡದೆ ರಾಡಿಯ ದಾರಿಯಲ್ಲಿ ಇಳಿದುಹೋದಳು. ಬೆಳಗ್ಗೆ ಬರುವಾಗ ಒಬ್ಬರ ತೋಳು ಒಬ್ಬರು ಹಿಡಿದು ಹತ್ತಿದ ದಾರಿ ಅದು.

ಸಂಜೆಯೊಳಗೆ ಸುದ್ದಿ ಊರೆಲ್ಲ ಆಯಿತು. ತೊಡೋರ್ಕಾಳದು ತಪ್ಪೆನ್ನಲಾಗದು, ಅವಳ ತಮ್ಮ ಸತ್ತಿದ್ದಾನೆ. ಬ್ರೆಡ್ಡಿನ ಅಂಗಡಿಯಲ್ಲಿ ವೆಲಿಕಾ ಒಳಗೆ ಬಂದರೆ ಮಾತು ನಿಲ್ಲತೊಡಗಿತು. ಬ್ಲಾಗೋಯ್ ಬಂಡಿಯಲ್ಲಿ ರೇಡಿಯೋ ಜೋರಾಗಿ ಹಾಕುತ್ತಾನೆ, ಮೊದಲಿನ ಹಾಗೆ ಅಕ್ಕಾ ಎಂದು ಕರೆಯುವುದಿಲ್ಲ. ವೆಲಿಕಾ ಈಗಲೂ ಚಳಿಗಾಲಕ್ಕೆ ಮೇಲೆ ಹೋಗುತ್ತಾಳೆ, ಚಹಾ ಕೊಡುತ್ತಾಳೆ, ಬೂಟು ಒಣಗಿಸುತ್ತಾಳೆ. ಕೆಳಗೆ ಇದ್ದಾಗ ಕೆಲವು ಸಲ ಯಾರಾದರೂ ಹೆಂಗಸು, ಕುಡಿದ ಗಂಡಸು, ಮುಖದ ಮೇಲೆಯೇ ಕೇಳುವುದುಂಟು: ಗಂಡ ಬೇಡ ಬೇಡ ಅಂದ್ರೂ ಬಿಟ್ಟು ಹೋದವಳು ನೀನೇನಾ ಎಂದು. ಆಗ ಅವಳು ತಲೆಯಾಡಿಸುವುದಿಲ್ಲ. ಬಾಯಿಬಿಟ್ಟು, ಎಲ್ಲರಿಗೂ ತಿಳಿಯುವ ಹಾಗೆ, ಹೌದು ಎನ್ನುತ್ತಾಳೆ.